ಶಿವಲಿಂಗಮ್ಮ ತಪ್ಪಿತಸ್ಥೆ ಎಂದು ದಯವಿಟ್ಟು ಬರೆದುಕೊಡಿ

ಜಿಲ್ಲೆಯ ಗಾಳಿಯನ್ನು ಅಳೆದು, ಒಳ್ಳೆಯದೋ ಕೆಟ್ಟದ್ದೋ ಎಂದು ಸಹಿ ಹಾಕುವ ಅಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಕೈ ಬರಲಿಲ್ಲ. ಅದಕ್ಕೆ ಕ್ಷಮೆಯನ್ನೂ ಕೇಳುವುದಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಒಂದೇ ವಾರದಲ್ಲಿ ನಿಮ್ಮ ಕಚೇರಿಯಿಂದ ಎರಡು ಕಾಗದ ಹೊರಟಿವೆ. ಒಂದು, ಕನಕಪುರದ ಕಲ್ಲುಕಟ್ಟೆ ಬೀದಿಯ ಗಾಳಿ ಬೇಸಿಗೆಯುದ್ದಕ್ಕೂ ‘ಉತ್ತಮ’ವಾಗಿತ್ತು ಎನ್ನುವ ವರದಿ. ಆ ವರದಿಯ ಬಲದಿಂದ ನಮ್ಮ ಬೀದಿಯಲ್ಲಿ ಹಗಲು ಹೊತ್ತು ಜಲ್ಲಿ ಟಿಪ್ಪರುಗಳು ಓಡಬಾರದೆಂದು ಇದ್ದ ತಡೆ ಎದ್ದುಹೋಯಿತು. ಇನ್ನೊಂದು, ಅದೇ ಬೀದಿಯಲ್ಲಿ ರೇಷ್ಮೆ ಹುಳು ಸಾಕುವ ಶಿವಲಿಂಗಮ್ಮನಿಗೆ ಬಂದ ನೋಟಿಸು. ಗಾಳಿ ಅಳೆಯುವ ಸರ್ಕಾರಿ ಯಂತ್ರಕ್ಕೆ ಒದ್ದೆ ಗೋಣಿ ಹೊದಿಸಿ ಅದರ ಕೆಲಸ ಕೆಡಿಸಿದ್ದೀರಿ, ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು, ಸೋಮವಾರ ಕಚೇರಿಗೆ ಹಾಜರಾಗಿ ವಿವರಣೆ ಕೊಡಿ ಎಂದು. ಉತ್ತಮ ಗಾಳಿ ಎಂದು ಹೇಳಿದ್ದು ಆ ಯಂತ್ರ. ಗೋಣಿ ಹೊದ್ದು ಕೂತಿದ್ದದ್ದೂ ಆ ಯಂತ್ರವೇ. ಬೀದಿಗೆ ಇರುವುದು ಒಂದೇ ಯಂತ್ರ. ಎರಡೂ ಕಾಗದದ ಕೆಳಗೆ ಇರುವುದು ಒಂದೇ ಸಹಿ, ನಿಮ್ಮದು.

ಸಹಿ ಹಾಕುವಾಗ ಕಾಗದ ಓದುವ ಅಭ್ಯಾಸ ನಿಮಗಿದೆಯೇ? ಇಲ್ಲ ಎಂದರೆ ಅಯೋಗ್ಯರು. ಇದೆ ಎಂದರೆ ಅದಕ್ಕಿಂತ ಕಡೆ.

ನಮ್ಮ ಬೀದಿಯನ್ನು ನೀವು ನೋಡಿಲ್ಲವಾದ್ದರಿಂದ ಹೇಳಬೇಕಾಗಿದೆ. ಊರಾಚೆಯ ಕಲ್ಲು ಕ್ವಾರಿಗಳಿಂದ, ಕ್ರಷರುಗಳಿಂದ ಬರುವ ಟಿಪ್ಪರುಗಳು ಬೆಂಗಳೂರು ರಸ್ತೆ ಸೇರುವುದು ನಮ್ಮ ಬೀದಿಯ ಮೂಲಕ. ಸುತ್ತಿ ಹೋಗುವ ದಾರಿಯೂ ಇದೆ. ಸುತ್ತಿದರೆ ಡೀಸೆಲ್ ಖರ್ಚು. ಮಕ್ಕಳ ಎದೆಗೂಡಿನೊಳಗಿಂದ ಹಾದು ಹೋದರೆ ಆ ಖರ್ಚು ಇಲ್ಲ. ಮೇಲೆ ಟಾರ್ಪಾಲು ಹೊದಿಸದೆ, ಕೆಳಗೆ ಚಕ್ರ ತೊಳೆಯದೆ, ಎಂ-ಸ್ಯಾಂಡು ಸುರಿಸಿಕೊಂಡು ಓಡುತ್ತವೆ. ಹೋದ ಟಿಪ್ಪರು ಉದುರಿಸಿದ್ದನ್ನು ಬರುವ ಟಿಪ್ಪರು ಅರೆದು ಗಾಳಿಗೆ ಎತ್ತುತ್ತದೆ. ರಾಮನಗರ ಜಿಲ್ಲೆಗೆ ಬೆಂಗಳೂರಿನ ಹೆಸರಿಟ್ಟಾಗ ಕೆಲವರು ಪಟಾಕಿ ಹೊಡೆದರು. ಬೆಂಗಳೂರಿನ ಹೆಸರು ನಮಗೆ ಬಂತು, ನಮ್ಮ ಬೆಟ್ಟ ಬೆಂಗಳೂರಿಗೆ ಹೋಯಿತು. ನಡುವೆ ಉದುರಿದ್ದಷ್ಟು ನಮ್ಮ ಪಾಲು.

ಈ ಬೀದಿಯ ನಡುವೆ ಅಂಗನವಾಡಿ ಇದೆ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವವರೆಗೂ ನಾನು ಅಲ್ಲೇ ಇದ್ದವಳು. ಮಕ್ಕಳನ್ನು ಊಟಕ್ಕೆ ಕೂರಿಸಿದರೆ ಪ್ರತಿ ತಟ್ಟೆಯ ಮೇಲೂ ಇನ್ನೊಂದು ತಟ್ಟೆ ಬೋರಲು ಹಾಕುತ್ತಿದ್ದೆವು. ಮಗು ತುತ್ತು ತೆಗೆಯುವಾಗ ಮೇಲಿನ ತಟ್ಟೆ ಎತ್ತುವುದು, ತೆಗೆದ ಮೇಲೆ ಮುಚ್ಚುವುದು. ಹೊಸದಾಗಿ ಸೇರಿದ ಮಕ್ಕಳು ಊಟ ಮಾಡುವ ಕ್ರಮವೇ ಹೀಗೆ ಎಂದುಕೊಂಡು ಮನೆಯಲ್ಲೂ ಎರಡು ತಟ್ಟೆ ಕೇಳುತ್ತಿದ್ದವು. ಮಧ್ಯಾಹ್ನ ಮಲಗಿ ಎದ್ದ ಮಕ್ಕಳ ರೆಪ್ಪೆಗೂದಲು ಬೆಳ್ಳಗಿರುತ್ತಿತ್ತು. ನಮ್ಮ ಸಹಾಯಕಿ ಬೋರಮ್ಮ ಸೆರಗಿನ ತುದಿ ನೀರಿಗದ್ದಿ ಒಂದೊಂದೇ ಮಗುವಿನ ಕಣ್ಣೊರೆಸುತ್ತಿದ್ದಳು. ಪೌಷ್ಟಿಕ ಆಹಾರ ಕೊಡುತ್ತೀರಾ ಎಂದು ಪರಿಶೀಲಿಸಲು ಮೇಲಿನವರು ಬರುತ್ತಿದ್ದರು. ಕೊಡುತ್ತಿದ್ದೆವು. ಸರ್ಕಾರ ಅನ್ನ, ಬೇಳೆ, ಮೊಟ್ಟೆ ಕೊಡುತ್ತಿತ್ತು. ಅದರ ಮೇಲೆ ಕಲ್ಲುಪುಡಿ ಕ್ರಷರಿನವರ ಕೊಡುಗೆ.

ಅರ್ಜಿ ಕೊಟ್ಟೆವು, ಮನವಿ ಕೊಟ್ಟೆವು. ಕಡೆಗೆ ಹೋದ ವರ್ಷ ಚಾಪೆ ಹಾಸಿ ರಸ್ತೆಯಲ್ಲಿ ಕೂತೆವು. ಸಂಬಳ ಕೇಳಲು ಬೆಂಗಳೂರಿನ ಡಾಂಬರಿನ ಮೇಲೆ ಬಿಸಿಲು ಮಳೆ ಎನ್ನದೆ ಮಲಗಿ ಅಭ್ಯಾಸವಿದ್ದ ಹೆಂಗಸರು ನಾವು. ನಮ್ಮದೇ ಬೀದಿಯಲ್ಲಿ ಕೂರಲು ಏನು ಕಷ್ಟ? ಟಿಪ್ಪರುಗಳು ಸಾಲುಗಟ್ಟಿ ನಿಂತ ಮೇಲೆ ನಿಮ್ಮ ಕಚೇರಿಯವರೊಬ್ಬರು ಜೀಪಿನಲ್ಲಿ ಬಂದರು. ನಿಮ್ಮ ಹತ್ತಿರ ಅಂಕಿಅಂಶ ಇದೆಯೇ ಎಂದು ಕೇಳಿದರು. ಧೂಳಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಎಷ್ಟಿದೆ ಎಂದು ಅಳೆದಿರಬೇಕು, ದಪ್ಪ ಧೂಳು ಪಿಎಂ ಹತ್ತು ಎಷ್ಟು, ಸಣ್ಣ ಧೂಳು ಪಿಎಂ ಎರಡೂವರೆ ಎಷ್ಟು, ಅದಿಲ್ಲದೆ ಕಾನೂನಿನಲ್ಲಿ ಏನೂ ಮಾಡುವಂತಿಲ್ಲ ಎಂದರು. ಬೋರಮ್ಮ ಕೂತಲ್ಲಿಂದಲೇ ಕೇಳಿದಳು:

“ಸಾ, ಮೂಗಿಗೆ ಬೆರಳಾಕಿ ತೆಗ್ದು ತೋರುಸ್ಲಾ? ಅಳ್ಕೊತೀರಾ?”

ನಿಮ್ಮವರು ಆ ಅಂಕಿಅಂಶವನ್ನು ಸ್ವೀಕರಿಸಲಿಲ್ಲ. ಆದರೆ ಜನ ಏಳಲಿಲ್ಲ. ಸಂಜೆಯ ಹೊತ್ತಿಗೆ ಒಪ್ಪಂದವಾಯಿತು. ಬೀದಿಯಲ್ಲಿ ಗಾಳಿ ಅಳೆಯುವ ಯಂತ್ರ ಕೂರಿಸುವುದು, ಬೇಸಿಗೆ ಮುಗಿಯುವವರೆಗೆ ಅಳೆಯುವುದು. ಅಲ್ಲಿಯವರೆಗೆ ಅಂಗನವಾಡಿ ನಡೆಯುವ ಹೊತ್ತಿನಲ್ಲಿ ಟಿಪ್ಪರು ಓಡುವಂತಿಲ್ಲ, ದಿನಾ ಟ್ಯಾಂಕರಿನಿಂದ ರಸ್ತೆಗೆ ನೀರು ಹೊಡೆಯಬೇಕು. ಅಳತೆ ಕೆಟ್ಟದ್ದು ಬಂದರೆ ಟಿಪ್ಪರು ಕಾಯಂ ಆಗಿ ಸುತ್ತು ದಾರಿಗೆ. ಒಳ್ಳೆಯದು ಬಂದರೆ ತಡೆ ತೆರವು. ನಾವು ಒಪ್ಪಿದೆವು. ನಮ್ಮ ಮೂಗಿನ ಮೇಲೆ ನಮಗೆ ಅಷ್ಟು ನಂಬಿಕೆ ಇತ್ತು.

ಯಂತ್ರ ಕೂರಿಸಲು ತಾರಸಿ ಬೇಕಿತ್ತು, ಕರೆಂಟು ಬೇಕಿತ್ತು, ಹತ್ತಲು ಮೆಟ್ಟಿಲು ಬೇಕಿತ್ತು. ಬೀದಿಯ ಸರ್ಕಾರಿ ಕಟ್ಟಡಗಳಲ್ಲಿ ಈ ಮೂರೂ ಒಟ್ಟಿಗೆ ಸಿಗಲಿಲ್ಲ. ಸಿಕ್ಕಿದ್ದು ಅಂಗನವಾಡಿಯ ಎದುರಿಗಿರುವ ಶಿವಲಿಂಗಮ್ಮನ ಹುಳುಮನೆಯ ಮೇಲೆ. ಆಕೆ ಜಾಗ ಕೊಟ್ಟಳು, ಬಾಡಿಗೆ ಕೇಳಲಿಲ್ಲ. ಆಕೆಯ ಮೊಮ್ಮಗಳು ಸಿರಿ ಅದೇ ಅಂಗನವಾಡಿಗೆ ಬರುವ ಮಗು. ಧೂಳು ಹೆಚ್ಚಾದ ದಿನ ಆ ಮಗುವಿನ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದು ಬರುತ್ತದೆ. ಆ ಸದ್ದಿಗೂ ಒಂದು ಅಂಕಿ ಸಿಗುತ್ತದೆ ಎಂದು ಆಕೆ ನಂಬಿದ್ದಳು.

ಯಂತ್ರ ಕೂರಿಸಲು ನೀವು ಕಳಿಸಿದ್ದು ಶಿವಕಿರಣ್ ಎಂಬ ಗುತ್ತಿಗೆ ನೌಕರನನ್ನು. ಒಳ್ಳೆಯ ಹುಡುಗ, ಅವನನ್ನು ದೂರುವುದಿಲ್ಲ. ಎಷ್ಟು ತಾಲ್ಲೂಕಿನ ಎಷ್ಟು ಯಂತ್ರಗಳನ್ನು ಅವನೊಬ್ಬನ ಬೈಕಿನ ಮೇಲೆ ಹೊರಿಸಿದ್ದೀರೋ, ನಿಮಗೇ ಗೊತ್ತು. ತಿರುಪು ಬಿಗಿದು, ಮೆಟ್ಟಿಲಿಳಿಯುವಾಗ ಅವನು ಶಿವಲಿಂಗಮ್ಮನಿಗೆ ಹೇಳಿದ:

“ಅಮ್ಮಾ, ಇದು ಬಾಳ ಸೂಕ್ಷ್ಮದ ಮೆಷಿನ್ನು. ಮಳೆಗಿಳೆ ಬಿದ್ರೆ, ಧೂಳುಗೀಳು ಕೂತ್ರೆ ಕೆಟ್ಟೋಗುತ್ತೆ. ನಿಮ್ಮನೆ ಮಗು ಹಂಗೆ ನೋಡ್ಕೊಳ್ಳಿ.”

“ಮಗು ಹಂಗ್ಯಾಕಪ್ಪ,” ಎಂದಳು ಶಿವಲಿಂಗಮ್ಮ, “ಹುಳ ಹಂಗೆ ನೋಡ್ಕತೀನಿ. ಮಕ್ಳುನ್ನ ಬೀದಿಗೆ ಬುಟ್ಟಿವಿ. ಹುಳ ಬುಡಕಾಯ್ತದಾ?”

ಅವನು ನಕ್ಕು ಹೋದ. ಆಮೇಲೆ ಬೇಸಿಗೆಯುದ್ದಕ್ಕೂ ಒಂದು ಸಲವೂ ಬರಲಿಲ್ಲ, ಬರಲು ನೀವು ಬಿಡಲಿಲ್ಲ.

ಹುಳುವನ್ನು ನಮ್ಮ ಕಡೆ ಹೇಗೆ ನೋಡಿಕೊಳ್ಳುತ್ತಾರೆ ಎಂದು ನಿಮಗೆ ಯಾರೂ ಹೇಳಿರಲಾರರು. ಹುಳುಮನೆಯ ಹತ್ತಿರ ಒಗ್ಗರಣೆ ಹಾಕುವುದಿಲ್ಲ, ಊದುಬತ್ತಿ ಹಚ್ಚುವುದಿಲ್ಲ, ಬೀಡಿ ಸೇದಿದವನನ್ನು ಬಾಗಿಲ ಹತ್ತಿರ ಬಿಡುವುದಿಲ್ಲ. ಒಳಗೆ ಹೋಗುವವರು ಸುಣ್ಣ ತುಳಿದು ಹೋಗಬೇಕು. ನೆಂಟರಾದರೂ ಸರಿ, ಹೊಸಲಿನಾಚೆಯೇ ನಿಲ್ಲಬೇಕು. ಬೇಸಿಗೆ ಬಂತೆಂದರೆ ಕಿಟಕಿಗೆ, ಬಾಗಿಲಿಗೆ ಗೋಣಿತಾಟು ಕಟ್ಟಿ ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಾರೆ. ಒಳಗೆ ತಂಪಿರುತ್ತದೆ, ಹೊರಗಿನ ಧೂಳು ಒದ್ದೆ ಗೋಣಿಗೇ ಅಂಟಿ ನಿಲ್ಲುತ್ತದೆ. ಧೂಳು ಕೂತ ಸೊಪ್ಪು ತಿಂದರೆ ಹುಳು ಉಳಿಯುವುದಿಲ್ಲ, ಆ ಬೆಳೆಯೇ ಹೋಗುತ್ತದೆ.

ಶಿವರಾತ್ರಿ ಕಳೆದು ಬಿಸಿಲೇರಿತು. ಆಕೆ ಹುಳುಮನೆಗೆ ಗೋಣಿ ಕಟ್ಟಿದಳು. ಮೇಲೆ ಹತ್ತಿ ನೋಡಿದರೆ ಸರ್ಕಾರದ ಯಂತ್ರ ಧೂಳು ಮೆತ್ತಿಕೊಂಡು ಬಿಸಿಲಲ್ಲಿ ನಿಂತಿದೆ. ಧೂಳು ಕೂತರೆ ಕೆಟ್ಟುಹೋಗುತ್ತದೆ ಎಂದು ಹುಡುಗ ಹೇಳಿ ಹೋಗಿದ್ದಾನೆ. ಕೆಟ್ಟರೆ ಬೀದಿಯ ಅಳತೆ ನಿಲ್ಲುತ್ತದೆ, ಅಳತೆ ನಿಂತರೆ ಟಿಪ್ಪರು ಬರುತ್ತದೆ. ಆಕೆ ನಾಲ್ಕು ಕಡೆ ಬಿದಿರಿನ ಗಳ ನಿಲ್ಲಿಸಿ, ಯಂತ್ರದ ಸುತ್ತಲೂ ಗೋಣಿ ಕಟ್ಟಿದಳು, ಮೇಲೂ ಒಂದು ಹೊದಿಸಿದಳು. ಬೆಳಿಗ್ಗೆ ಸಂಜೆ ಹುಳುಮನೆಗೆ ನೀರು ಚಿಮುಕಿಸಿದ ಮೇಲೆ ತಾರಸಿ ಹತ್ತಿ ಯಂತ್ರಕ್ಕೂ ಚಿಮುಕಿಸಿದಳು.

ಇದು ಆಕೆಯ ಅಪರಾಧ. ನಾನು ಒಂದಿಷ್ಟೂ ಮುಚ್ಚಿಡುತ್ತಿಲ್ಲ.

ಯಂತ್ರದ ಅಳತೆ ತೋರಿಸಲು ಬೀದಿಯ ಮೂಲೆಯಲ್ಲಿ ನೀವು ನೆಟ್ಟಿದ್ದ ಬೋರ್ಡು ಅಲ್ಲಿಯವರೆಗೆ ಕೆಂಪಗಿತ್ತು. ಹಗಲು ಟಿಪ್ಪರು ಇಲ್ಲದಿದ್ದರೂ ಬೆಳಗಿನ ಜಾವ, ಸಂಜೆಯ ಮೇಲೆ ಓಡುವ ಟಿಪ್ಪರುಗಳೇ ಅಂಕಿಯನ್ನು ಮಿತಿ ದಾಟಿಸುತ್ತಿದ್ದವು. ಶಿವರಾತ್ರಿಯಾದ ಮೇಲೆ ಅದು ಹಸಿರಾಯಿತು. ‘ಉತ್ತಮ’ ಎಂದು ಬರೆದು ಪಕ್ಕದಲ್ಲಿ ನಗುವ ಮುಖದ ಚಿತ್ರ. ಟೀ ಅಂಗಡಿಯ ಮುಂದೆ ಗಂಡಸರಿಗೆ ಅದೇ ತಮಾಷೆಯಾಯಿತು. ಶಿವಲಿಂಗಮ್ಮನ ಗಂಡ ಬೈರಪ್ಪ ಕೆಮ್ಮುತ್ತಾ ಬಂದರೆ ಗೆಳೆಯರು ಬೋರ್ಡು ತೋರಿಸಿ, “ಗಾಳಿ ಉತ್ತಮ ಅಂತೆ ಕಣ್ಲಾ, ನಿನ್ ಕೆಮ್ಮು ಸುಳ್ಳು ಕಣ್ಲಾ” ಎನ್ನುವರು. “ಸುಳ್ಳು ಕೆಮ್ಮು ನಿಮ್ಮೇಲೇ ಕೆಮ್ಮುತೀನಿ ಬನ್ರಲಾ” ಎಂದು ಅವನು ಅಟ್ಟಿಸಿಕೊಂಡು ಹೋಗುವನು. ನೀವು ನಗಲಿಲ್ಲ, ನಂಬಿದಿರಿ. ನಿಮ್ಮ ಕಚೇರಿಯವರು ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಗಾಳಿ ಸುಧಾರಿಸಿದೆ ಎಂದು ನೀರಿನ ಟ್ಯಾಂಕರು ನಿಲ್ಲಿಸಿದರು. ಟ್ಯಾಂಕರು ನಿಂತ ಮೇಲೆ ಬೀದಿಯ ಧೂಳು ಎರಡರಷ್ಟಾಯಿತು. ಬೋರ್ಡು ಇನ್ನೂ ಹಸಿರಾಯಿತು. ಬೇಸಿಗೆಯಲ್ಲಿ ಇಡೀ ಬೀದಿಯಲ್ಲಿ ನೀರು ಹೊಡೆಯುತ್ತಿದ್ದದ್ದು ಒಬ್ಬಳೇ ಹೆಂಗಸು, ಅದೂ ನಿಮ್ಮ ಯಂತ್ರಕ್ಕೆ ಮಾತ್ರ.

ಇಲ್ಲಿ ನಿಮ್ಮನ್ನು ಒಂದು ಪ್ರಶ್ನೆ ಕೇಳಬೇಕು. ಆ ಯಂತ್ರ ಧೂಳನ್ನು ಮಾತ್ರವಲ್ಲ, ತೇವಾಂಶವನ್ನೂ ಅಳೆಯುತ್ತದೆ ಎಂದು ನಿಮ್ಮ ಜಾಲತಾಣವೇ ಹೇಳುತ್ತದೆ. ಮಾರ್ಚಿ, ಏಪ್ರಿಲ್ಲಿನ ಉರಿಬಿಸಿಲಲ್ಲಿ ಕಲ್ಲುಕಟ್ಟೆ ಬೀದಿಯ ತೇವಾಂಶ ಜಡಿಮಳೆಯ ದಿನದಂತೆ ಇತ್ತು ಎಂದು ಅದೇ ಜಾಲತಾಣದಲ್ಲಿ ದಿನವೂ ಬರುತ್ತಿತ್ತು. ಕನಕಪುರಕ್ಕೆಲ್ಲ ಬಿಸಿಲು, ನಮ್ಮ ಒಂದು ಬೀದಿಗೆ ಮಾತ್ರ ಸೋನೆ. ನಿಮ್ಮ ಕಚೇರಿಯಲ್ಲಿ ಇಂಜಿನಿಯರುಗಳಿದ್ದಾರೆ, ವಿಜ್ಞಾನಿಗಳಿದ್ದಾರೆ, ಎಸಿ ಇದೆ. ಕಿಟಕಿ ಇಲ್ಲವೇ? ಅಂಕಿ ಕೆಂಪಾಗಿದ್ದಾಗ ಯಂತ್ರ ಸರಿ ಇದೆಯೋ ಇಲ್ಲವೋ ಎಂದು ನಿಮ್ಮವರು ಎರಡು ಸಲ ಫೋನು ಮಾಡಿ ವಿಚಾರಿಸಿದ್ದರು. ಹಸಿರಾದ ಮೇಲೆ ಯಾರಿಗೂ ಸಂಶಯವೇ ಬರಲಿಲ್ಲ. ನಿಮಗೆ ಬೇಕಾದ ಅಂಕಿ ಬಂತು, ಅಷ್ಟೇ. ಬೇಕಾದ ಅಂಕಿ ಬಂದಾಗ ಯಂತ್ರ ಹೇಗಿದೆ ಎಂದು ಮೆಟ್ಟಿಲು ಹತ್ತಿ ನೋಡುವ ಅಧಿಕಾರಿಯನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಗೋಣಿಯ ವಿಷಯ ಹೊರಬಂದದ್ದು ಹೇಗೆ ಎಂಬುದನ್ನೂ ತಿಳಿಯಿರಿ. ನಿಮ್ಮ ನೋಟಿಸಿನಲ್ಲಿ ‘ತಪಾಸಣೆಯಿಂದ ಪತ್ತೆಯಾಗಿದೆ’ ಎಂದು ಬರೆದಿದ್ದೀರಿ. ಯಾವ ತಪಾಸಣೆ? ಮಹಿಳಾ ಸಂಘದ ಸಭೆ ಅಂಗನವಾಡಿಯಲ್ಲಿ ಸೇರಿತ್ತು. ಬೋರ್ಡು ಹಸಿರಾದದ್ದು ಹೇಗೆ ಎಂದು ಮಾತು ಬಂತು. ಯಂತ್ರಕ್ಕೂ ಕ್ರಷರಿನವರು ಮಾಮೂಲು ಕೊಟ್ಟಿರಬೇಕು ಎಂದು ಬೋರಮ್ಮ ಚುಚ್ಚಿದಳು. ಶಿವಲಿಂಗಮ್ಮನಿಗೆ ಅವಮಾನವಾಯಿತು. ತನ್ನ ಮನೆಯ ಮೇಲಿರುವ ಯಂತ್ರ ತಾನೇ.

“ಯಾರೂ ಅದ್ರ ತಂಟೆಗೆ ಬಂದಿಲ್ಲ ಕಣ್ ಬೋರಮ್ಮ. ಒಸಿ ಧೂಳು ತಾಕ್ದಂಗೆ ಮಡಗಿವ್ನಿ.”

“ಧೂಳು ತಾಕ್ದಂಗಾ?” ಎಂದೆ ನಾನು.

“ಊಂ ಟೀಚರಮ್ಮ. ನಾಕೂ ಕಡೆ ಗೋಣಿ ಕಟ್ಟಿವ್ನಿ. ಬೆಳಿಗ್ಗೆ ಬೈಗು ನೀರು ಚಿಮುಕುಸ್ತೀನಿ. ಹುಳುಕ್ಕೆ ಕಟ್ಟಕಿಲ್ವಾ, ಹಂಗೇಯ.”

ಬೋರಮ್ಮನಿಗೆ ನಗು ತಡೆಯಲಾಗದೆ ಕೆಮ್ಮು ಬಂತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಧೂಳನ್ನು ಅಳೆಯಬೇಕಾದ ಯಂತ್ರಕ್ಕೆ ಧೂಳು ತಾಕಬೇಕು ಎಂದು ನಾನು ಬಿಡಿಸಿ ಹೇಳಿದೆ. ಶಿವಲಿಂಗಮ್ಮ ನಗಲಿಲ್ಲ. ಎದ್ದು ರಸ್ತೆ ದಾಟಿ, ಮೆಟ್ಟಿಲು ಹತ್ತಿ ಗೋಣಿ ಬಿಚ್ಚಿ ಕೆಳಕ್ಕೆ ಎಸೆದಳು. ಸಂಜೆಯ ಟಿಪ್ಪರುಗಳು ಓಡಿದ ಮೇಲೆ ಬೋರ್ಡು ಕೆಂಪಾಯಿತು. ಬೀದಿಯವರೆಲ್ಲ ನಿಂತು ನೋಡಿದೆವು.

ಮಾರನೇ ದಿನವೇ ನಿಮಗೆ ಬರೆದುಕೊಟ್ಟೆವು. ಕೊಟ್ಟಿದ್ದು ನಾವೇ. ಹೇಳಿದ್ದು ಶಿವಲಿಂಗಮ್ಮನೇ. ಗೊತ್ತಿಲ್ಲದೆ ಹೀಗೆ ಮಾಡಿದ್ದೇನೆ, ಗೋಣಿ ಇದ್ದಷ್ಟು ದಿನದ ಅಳತೆ ಲೆಕ್ಕಕ್ಕಿಡಬೇಡಿ, ಮತ್ತೆ ಅಳೆಯಿರಿ ಎಂದು ಕೆಳಗೆ ತಾನೇ ಸಹಿ ಹಾಕಿದ್ದಳು. ನೀವು ಏನು ಮಾಡಿದಿರಿ? ಮೊದಲು ಬೋರ್ಡು ಆರಿಸಿದಿರಿ. ನಿರ್ವಹಣೆಯಲ್ಲಿದೆ ಎಂದು ಕಾಗದ ಅಂಟಿಸಿದಿರಿ. ಆಮೇಲೆ ಶಿವಕಿರಣನನ್ನು ಕಳಿಸಿ ಯಂತ್ರ ಬಿಚ್ಚಿಸಿಕೊಂಡು ಹೋದಿರಿ. ಆ ಹುಡುಗ ನನ್ನ ಮುಖ ನೋಡಲಾರದೆ ಹೋದ. ಆಮೇಲೆ ಬಂತು ವರದಿ, ಉತ್ತಮ. ಅದರ ಬೆನ್ನಿಗೇ ಬಂತು ನೋಟಿಸು. ಸತ್ಯ ಹೇಳಿದವಳಿಗೆ ನೋಟಿಸು, ಸುಳ್ಳು ಅಂಕಿಗೆ ಸರ್ಕಾರಿ ಮೊಹರು. ಇಷ್ಟು ವೇಗವಾಗಿ ನಿಮ್ಮ ಕಚೇರಿ ಇನ್ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ಕಂಡಿಲ್ಲ.

ಈಗ ಟಿಪ್ಪರುಗಳು ಹಗಲೂ ಓಡುತ್ತಿವೆ. ಅಂಗನವಾಡಿಯಲ್ಲಿ ಮತ್ತೆ ತಟ್ಟೆಯ ಮೇಲೆ ತಟ್ಟೆ. ಸಿರಿ ಅಂಗನವಾಡಿಗೆ ಬರುತ್ತಿಲ್ಲ. ಎಲ್ಲಿದ್ದಾಳೆ ಗೊತ್ತೇ? ಶಿವಲಿಂಗಮ್ಮ ಅವಳನ್ನು ಹುಳುಮನೆಯೊಳಗೆ ಕೂರಿಸಿಕೊಂಡಿದ್ದಾಳೆ. ಮಕ್ಕಳನ್ನು ಹುಳುಮನೆಗೆ ಸೇರಿಸುವ ಪದ್ಧತಿಯೇ ನಮ್ಮಲ್ಲಿಲ್ಲ, ಹುಳು ನೋಡಬೇಕೆಂದು ಅತ್ತರೂ ಸೇರಿಸುವುದಿಲ್ಲ. ಮಗು ಸುಣ್ಣ ತುಳಿದು ಒಳಗೆ ಹೋಗಿ, ಹುಳುವಿನ ತಟ್ಟೆಗಳ ನಡುವೆ ಚಾಪೆಯ ಮೇಲೆ ಕೂತಿರುತ್ತದೆ. ಗೋಣಿಯ ಒಳಗೆ ಸಿಳ್ಳೆ ಸದ್ದು ಕಡಿಮೆ. ಎಲ್ಲರ ಮನೆಯಲ್ಲೂ ಹುಳುಮನೆ ಇದೆಯೇ? ಉಳಿದ ಮಕ್ಕಳು ಏನು ಮಾಡಬೇಕು ಎಂದು ನಿಮ್ಮ ವರದಿಯಲ್ಲಿ ಹುಡುಕಿದೆ. ಬಣ್ಣದ ಗ್ರಾಫುಗಳಿದ್ದವು.

ನೀವು ಕೆಲಸವನ್ನೇ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಮಾಡುತ್ತೀರಿ, ಆಳು ನೋಡಿ ಮಾಡುತ್ತೀರಿ. ರಾಮನಗರದಲ್ಲಿ ಗುಲ್ಜಾರ್ ಬೀ ಎಂಬವರಿದ್ದಾರೆ. ನಮ್ಮ ಶಿವಲಿಂಗಮ್ಮನಂಥವರು ಬೆಳೆದ ಗೂಡು ಕೊಂಡು, ಹಿತ್ತಿಲಲ್ಲಿ ಒಲೆ ಹಚ್ಚಿ ಬೇಯಿಸಿ, ನೂಲು ತೆಗೆಯುವವರು. ಒಲೆಯ ಹೊಗೆ ಜಾಸ್ತಿ ಎಂದು ನಿಮ್ಮವರು ಹೋಗಿ ಮುಚ್ಚಿಸಿದರು. ಹೊಗೆ ಇರಲಿಲ್ಲ ಎಂದು ನಾನೂ ಹೇಳುವುದಿಲ್ಲ, ಗುಲ್ಜಾರ್ ಬೀಯೂ ಹೇಳುವುದಿಲ್ಲ. ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿದವರು ಅವರೇ. ಹೊಗೆ ಕಡಿಮೆಯಾಗುವ ಹೊಸ ಒಲೆಗೆ ಅವರು ಅರ್ಜಿ ಹಾಕಿ ಕಾಯುತ್ತಿದ್ದರು. ಒಲೆಗಿಂತ ಮೊದಲು ಬೀಗ ಬಂತು. ಚನ್ನಪಟ್ಟಣದ ಗೊಂಬೆ ಕೆಲಸದವನ ಲೇತಿನಿಂದ ಹಾರುವ ಮರದ ಪುಡಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಬೆಟ್ಟವೇ ಪುಡಿಯಾಗಿ ಹಾರುವುದು ಬೀಳುವುದಿಲ್ಲ. ಈ ಕಣ್ಣಿಗೆ ಯಾವ ಡಾಕ್ಟರ ಹತ್ತಿರ ತೋರಿಸಿದ್ದೀರಿ?

ಇನ್ನು ಕಡೆಯ ಸಂಗತಿ. ಅದನ್ನು ನೀವು ಗುಟ್ಟಾಗಿ ಉಳಿಯುತ್ತದೆ ಎಂದುಕೊಂಡಿದ್ದಿರಿ.

ನೋಟಿಸು ಬಂದ ಮೂರ್ನಾಲ್ಕು ದಿನಕ್ಕೆ ನಿಮ್ಮ ಕಚೇರಿಯವರೊಬ್ಬರು ಶಿವಲಿಂಗಮ್ಮನ ಮನೆಗೆ ಬಂದರು. ಬಹಳ ವಿನಯದ ಮನುಷ್ಯ. ಬರುವಾಗ ಟೈಪು ಮಾಡಿಸಿದ ಒಂದು ಹೇಳಿಕೆ ತಂದಿದ್ದರು. ಯಂತ್ರಕ್ಕೆ ಯಾವ ಹೊದಿಕೆಯೂ ಇರಲಿಲ್ಲ, ಬೀದಿಯ ಕೆಲವರ ಮಾತು ಕೇಳಿ ತಪ್ಪಾಗಿ ಬರೆದುಕೊಟ್ಟಿದ್ದೆ ಎಂದು ಆಕೆ ಸಹಿ ಹಾಕಿದರೆ ನೋಟಿಸು ಅಲ್ಲಿಗೇ ಮುಗಿಯುತ್ತದಂತೆ. ಸಹಿ ಹಾಕದಿದ್ದರೆ ಸರ್ಕಾರಿ ಆಸ್ತಿ, ಪೊಲೀಸು, ಕೋರ್ಟು ಎಂದು ಅದೇ ವಿನಯದಿಂದ ಹೇಳಿದರು. ಮನೆಯವರು ನನ್ನನ್ನು ಕರೆಸಿದ್ದರು. ‘ಬೀದಿಯ ಕೆಲವರು’ ಎಂದರೆ ನಾನೇ ಎಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಬೈರಪ್ಪ ಹೆದರಿದ್ದ. ಹೆದರದೆ ಏನು? ಠಾಣೆಯ ಮೆಟ್ಟಿಲು ತುಳಿದ ಮನೆಯಲ್ಲ ಅದು.

“ಹಾಕ್ಬುಡಮ್ಮಿ ಒಂದ್ ಸೈನ್ನ. ಈ ವಯಸ್ನಲ್ಲಿ ಕೋರ್ಟು ಕಚೇರಿ ಅಂತ ಅಲೆಯಕಾಯ್ತದಾ?”

ಶಿವಲಿಂಗಮ್ಮ ಹೇಳಿಕೆಯನ್ನು ನನ್ನ ಕೈಲಿ ಓದಿಸಿದಳು. ಇನ್ನೊಂದು ಸಲ ಓದಿಸಿದಳು. ಆಮೇಲೆ ಬಂದವರನ್ನು ಕೇಳಿದಳು:

“ಗೋಣಿ ಇರ್ಲಿಲ್ಲ ಅಂತ ನಾನ್ ಸೈನ್ ಹಾಕುದ್ರೆ, ಆ ಹಸ್ರು ಬೋರ್ಡು ಹೇಳಿದ್ದು ದಿಟ ಅಂದಂಗಾಯ್ತದೆ ಅಲ್ವಾ ಸ್ವಾಮಿ?”

ಅವರು ಅದೆಲ್ಲ ತಾಂತ್ರಿಕ ವಿಷಯ ಎಂದರು.

“ತಾಂತ್ರಿಕ ನಂಗೊತ್ತಿಲ್ಲ. ಗೊತ್ತಿಲ್ದೆ ತಪ್ಪು ಮಾಡ್ದೆ, ಬೀದಿ ಮಕ್ಳೆಲ್ಲ ಧೂಳು ಕುಡಿತಾವೆ. ಈಗ ಗೊತ್ತಿದ್ದೂ ಮಾಡ್ಲಾ? ನನ್ ತಪ್ಪು ನಂಗೇ ಇರ್ಲಿ ಬುಡಿ. ಯಾರ್ಗೂ ಕೊಡಕಿಲ್ಲ.”

ಆ ಹೇಳಿಕೆಯನ್ನು ಮಡಚಿ ಅವರ ಕೈಗೇ ಕೊಟ್ಟಳು. ಬೈರಪ್ಪ, ಸೋಮವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿದ.

ಈಗ ಅರ್ಥವಾಯಿತೇ ನಿಮ್ಮ ಸಂಕಟ ನಮಗೆ ತಿಳಿದಿದೆ ಎಂದು? ಶಿವಲಿಂಗಮ್ಮ ಗೋಣಿ ಹೊದಿಸಿದ್ದು ನಿಜವಾದರೆ ನಿಮ್ಮ ವರದಿ ಸುಳ್ಳು. ವರದಿ ನಿಜವಾದರೆ ಆಕೆ ಗೋಣಿ ಹೊದಿಸಿಯೇ ಇಲ್ಲ, ನೋಟಿಸು ಸುಳ್ಳು. ನಿಮಗೆ ಎರಡೂ ಬೇಕು. ಆಕೆಯನ್ನು ಹೆದರಿಸಲು ಗೋಣಿ ಇರಬೇಕು, ಟಿಪ್ಪರು ಓಡಿಸಲು ಗೋಣಿ ಇರಬಾರದು. ಒಂದೇ ಗೋಣಿ ಬೆಳಿಗ್ಗೆ ಇರುತ್ತದೆ, ಮಧ್ಯಾಹ್ನ ಮಾಯವಾಗುತ್ತದೆ, ಕ್ರಷರಿನವರು ಬಂದಾಗ ಒಂದು, ಬಡವರು ಬಂದಾಗ ಇನ್ನೊಂದು. ಇದಕ್ಕೆ ನಮ್ಮ ಬೀದಿಯಲ್ಲಿ ಆಡಳಿತ ಎನ್ನುವುದಿಲ್ಲ. ಏನೆನ್ನುತ್ತಾರೆ ಎಂದು ಬರೆದರೆ, ಈ ಪತ್ರದ ಪ್ರತಿ ಕಳಿಸಿರುವ ಪತ್ರಿಕೆಯವರು ಅಚ್ಚು ಹಾಕಲಾರರು.

ಈ ಪತ್ರವನ್ನು ಇಲ್ಲಿಯವರೆಗೆ ಓದಿದ್ದರೆ, ಆಕೆಯನ್ನು ಬಿಟ್ಟುಬಿಡಿ ಎಂದು ಕೇಳುತ್ತೇನೆ ಎಂದು ನೀವು ಕಾಯುತ್ತಿರಬಹುದು. ಬಡ ಹೆಂಗಸು, ಓದು ಬರಹ ಅಷ್ಟಕ್ಕಷ್ಟೆ, ದಯೆ ತೋರಿಸಿ ಎಂದು. ದಯೆ ಬೇಡ. ದಯೆ ತೋರಿಸಿ ನೋಟಿಸು ಹಿಂತೆಗೆದುಕೊಂಡರೆ ನಿಮಗೆ ಅನುಕೂಲ ಎಂದು ಈಗ ನಮಗೆ ಗೊತ್ತಾಗಿದೆ.

ನಮ್ಮ ಬೇಡಿಕೆ ಬೇರೆ. ಶಿವಲಿಂಗಮ್ಮ ತಪ್ಪಿತಸ್ಥೆ ಎಂದು ತೀರ್ಮಾನ ಮಾಡಿ, ಆದೇಶ ಬರೆಯಿರಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಯಂತ್ರ ಒದ್ದೆ ಗೋಣಿಯೊಳಗಿತ್ತು, ಆ ಅವಧಿಯ ಅಳತೆ ಯಾವುದಕ್ಕೂ ಬಾರದು ಎಂದು ಆ ಆದೇಶದಲ್ಲಿ ಸ್ಪಷ್ಟವಾಗಿ ಇರಲಿ. ಕೆಳಗೆ ನಿಮ್ಮ ಸಹಿ ಇರಲಿ, ಮೊಹರು ಇರಲಿ. ಅದಕ್ಕೆ ದಂಡ ಹಾಕಿ, ಬೀದಿಯವರು ಸೇರಿ ಕಟ್ಟುತ್ತೇವೆ. ಆ ಆದೇಶ ಕೈಗೆ ಬಂದ ಗಳಿಗೆಯಿಂದ ನಿಮ್ಮ ‘ಉತ್ತಮ’ ವರದಿ ಸತ್ತಿತು, ಅದರ ಮೇಲೆ ಓಡುತ್ತಿರುವ ಟಿಪ್ಪರುಗಳಿಗೆ ಆಧಾರವಿಲ್ಲ. ತಡೆ ಮತ್ತೆ ಜಾರಿಯಾಗಬೇಕು. ಯಂತ್ರ ವಾಪಸು ಬರಬೇಕು, ಅದರ ಜೊತೆ ಅದನ್ನು ನೋಡಿಕೊಳ್ಳಲು ಸಂಬಳದ ಮನುಷ್ಯನೂ ಬರಬೇಕು. ಟ್ಯಾಂಕರು ಬರಬೇಕು. ಕ್ರಷರಿನ ಬಾಗಿಲಲ್ಲೇ ಚಕ್ರ ತೊಳೆಯಬೇಕು, ಟಾರ್ಪಾಲು ಕಟ್ಟದ ಟಿಪ್ಪರನ್ನು ಹೊರಗೆ ಬಿಡಬಾರದು. ಮತ್ತೆ ಅಳೆದು ಕೆಂಪು ಬಂದರೆ, ರಸ್ತೆಯಲ್ಲಿ ಕೂತು ಮಾಡಿಕೊಂಡ ಒಪ್ಪಂದದಂತೆ ಟಿಪ್ಪರು ಸುತ್ತು ದಾರಿ ಹಿಡಿಯಬೇಕು. ಇದಾವುದೂ ದಾನವಲ್ಲ, ನೀವೇ ಒಪ್ಪಿದ್ದು.

ಸೋಮವಾರ ಬರುತ್ತೇವೆ. ಶಿವಲಿಂಗಮ್ಮ ಮುಂದೆ, ಬೈರಪ್ಪ ಪಕ್ಕದಲ್ಲಿ, ಬೀದಿಯ ಉಳಿದವರು ಹಿಂದೆ. ಒಳಗೆ ಜಾಗ ಸಾಲದಿದ್ದರೆ ಚಾಪೆ ನಮ್ಮ ಹತ್ತಿರ ಇದೆ. ನೀವು ಕೇಳುವ ಮೊದಲೇ ಆಕೆ ತನ್ನ ತಪ್ಪು ಒಪ್ಪಿಕೊಳ್ಳುತ್ತಾಳೆ. ಆಮೇಲೆ ನಿಮ್ಮ ಸರದಿ.

ಇಂತಿ,
ನಿಮ್ಮ ವರದಿಯ ಪ್ರಕಾರ ಬೇಸಿಗೆಯೆಲ್ಲ ಉತ್ತಮ ಗಾಳಿ ಕುಡಿದೂ, ಯಾಕೋ ಏನೋ, ಇನ್ನೂ ಕೆಮ್ಮುತ್ತಿರುವ
ಚನ್ನಬಸಮ್ಮ
ನಿವೃತ್ತ ಅಂಗನವಾಡಿ ಕಾರ್ಯಕರ್ತೆ
ಕಲ್ಲುಕಟ್ಟೆ ಬೀದಿ, ಕನಕಪುರ